ರೋಹಿಣಿ ಮಳೆಯೇ ನಮ್ಮ ಗಡ್ಡೆಹೂಗಳ ವಸಂತ: ಮನೆಯಂಗಳದಲ್ಲಿ ಗಡ್ಡೆಗಳು ಮತ್ತು ಕಲ್ಲುತೋಟ

ವಸಂತದ ಗಡ್ಡೆಹೂ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಚಿತ್ರಗಳಲ್ಲಿ ಕಂಡ ಟ್ಯುಲಿಪ್ ಹೂವಿನ ಸಾಲುಗಳು. ಹಾಲೆಂಡಿನ ಹೊಲಗಳನ್ನೂ 2007ರಲ್ಲಿ ಶ್ರೀನಗರದಲ್ಲಿ ತೆರೆದ ಟ್ಯುಲಿಪ್ ಉದ್ಯಾನವನ್ನೂ ಅವರು ಬಲ್ಲರು. ಕಲ್ಲುತೋಟ ಎಂದರೆ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಓದಿದ ಚಂಡೀಗಢದ ರಾಕ್ ಗಾರ್ಡನ್ ಅವರಿಗೆ ನೆನಪಾಗುತ್ತದೆ. ನೇಕ್ ಚಂದ್ ಅವರು ಒಡೆದ ಬಳೆ, ಪಿಂಗಾಣಿಯ ಚೂರುಗಳಿಂದ ಕಟ್ಟಿದ ಆ ತಾಣವು ಶಿಲ್ಪಗಳ ತೋಟ. ಕಲ್ಲಿನ ಸಂದಿಯಲ್ಲಿ ಬೇರೂರಿ ಬದುಕುವ ಸಸ್ಯಗಳ ತೋಟವೆಂಬ ಅರ್ಥದಲ್ಲಿ ನೋಡಿದರೆ, ನಿಜವಾದ ಕಲ್ಲುತೋಟವನ್ನು ನಿಸರ್ಗವು ನಮ್ಮ ಕೊಲ್ಲಾಪುರ ಜಿಲ್ಲೆಯ ಪಶ್ಚಿಮದ ಗುಡ್ಡಗಳ ಮೇಲೆ ತಾನೇ ಹಾಸಿಟ್ಟಿದೆ. ಗಡ್ಡೆಹೂಗಳಿಗೂ ನಾವು ದೂರ ಹೋಗಬೇಕಾಗಿಲ್ಲ. ಅವುಗಳ ವಸಂತ ನಮ್ಮಲ್ಲಿ ಚೈತ್ರದಲ್ಲಿ ಬರುವುದಿಲ್ಲ, ರೋಹಿಣಿ ಮಳೆಯ ಜೊತೆಗೆ ಬರುತ್ತದೆ.

ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ, ಕೊಲ್ಲಾಪುರದ ಬಾಡಿಗೆ ಮನೆಗಳಲ್ಲಿ, ಗಡಹಿಂಗ್ಲಜದ ಅಂಗಳಗಳಲ್ಲಿ ವಾಸಿಸುವ ಕನ್ನಡ ಶಾಲೆಯ ಪಾಲಕರು ಮಕ್ಕಳೊಡನೆ ಕಡಿಮೆ ಖರ್ಚಿನಲ್ಲಿ, ಕಡಿಮೆ ನೀರಿನಲ್ಲಿ ಇಂತಹ ತೋಟವನ್ನು ಬೆಳೆಸುವ ಬಗೆಯನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ಯಾವ ಗಡ್ಡೆಯನ್ನು ಗುಡ್ಡದಿಂದ ಕೀಳಬಾರದು, ಯಾವುದನ್ನು ಕೂಸುಗಳಿರುವ ಮನೆಗೆ ತರಲೇಬಾರದು, ಯಾವ ಹೆಸರನ್ನು ಮಕ್ಕಳು ಮರೆಯಬಾರದು ಎಂಬುದನ್ನೂ ಜೊತೆಗೆ ಹೇಳಬೇಕಾಗಿದೆ.

ಗಡ್ಡೆ ಏಕೆ ನಿದ್ರಿಸುತ್ತದೆ?

ಒಂದು ಉಳ್ಳಾಗಡ್ಡೆಯನ್ನು ಉದ್ದಕ್ಕೆ ಸೀಳಿ ಮಕ್ಕಳಿಗೆ ತೋರಿಸಿರಿ. ಬುಡದಲ್ಲಿ ತಟ್ಟೆಯಂತಹ ಚಿಕ್ಕ ಭಾಗವೊಂದಿರುತ್ತದೆ. ಸಸ್ಯದ ಕಾಂಡವೆಂದರೆ ಅದೇ. ಅದರ ಸುತ್ತ ಪದರು ಪದರಾಗಿ ಇರುವವು ಆಹಾರ ತುಂಬಿಕೊಂಡ ದಪ್ಪ ಎಲೆಗಳು. ನಡುವೆ ಅಡಗಿರುವುದು ಮುಂದಿನ ಚಿಗುರು. ಸುಗಂಧರಾಜ, ಮಳೆಲಿಲ್ಲಿಗಳ ಗಡ್ಡೆಗಳೂ ಇದೇ ಬಗೆಯವು. ಸುವರ್ಣಗಡ್ಡೆಯಲ್ಲಿ ಕಾಂಡವೇ ಉಬ್ಬಿ ಆಹಾರದ ಗಂಟಾಗುತ್ತದೆ. ಅರಿಷಿಣ, ಶುಂಠಿ, ಕಾಬಾಳೆಗಳಲ್ಲಿ ಕಾಂಡವು ನೆಲದೊಳಗೆ ಅಡ್ಡಲಾಗಿ ಹಬ್ಬುತ್ತದೆ. ಡೇಲಿಯಾದಲ್ಲಿ ಉಬ್ಬುವುದು ಬೇರು. ಶಾಸ್ತ್ರದಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಹೆಸರುಗಳಿದ್ದರೂ ಅಡುಗೆಮನೆಯಲ್ಲಿ ನಾವು ಎಲ್ಲವನ್ನೂ ಗಡ್ಡೆ ಎಂದೇ ಕರೆಯುತ್ತೇವೆ. ಈ ಲೇಖನದಲ್ಲಿಯೂ ಆ ಮಾತೇ ಸಾಕು.

ಇವೆಲ್ಲವುಗಳ ಬದುಕಿನ ಉಪಾಯ ಒಂದೇ. ವರ್ಷದ ಒಂದು ಕಾಲ ಬಾಳುವುದಕ್ಕೆ ಯೋಗ್ಯವಲ್ಲದಿದ್ದರೆ, ಆ ಕಾಲದಲ್ಲಿ ಎಲೆಗಳನ್ನು ಒಣಗಿಸಿಕೊಂಡು, ಕೂಡಿಟ್ಟ ಆಹಾರದೊಡನೆ ನೆಲದೊಳಗೆ ಸುಮ್ಮನೆ ಮಲಗುವುದು. ಮಧ್ಯ ಏಷ್ಯಾದ ಬೆಟ್ಟಗಳಲ್ಲಿ ಹುಟ್ಟಿದ ಟ್ಯುಲಿಪ್ ಒಣ ಬೇಸಿಗೆಯನ್ನೂ ಕೊರೆಯುವ ಚಳಿಯನ್ನೂ ಹೀಗೆ ಕಳೆದು, ಹಿಮ ಕರಗಿದಾಗ ಏಳುತ್ತದೆ. ಹತ್ತು ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಸುಮಾರು ಮೂರು ತಿಂಗಳು ಕಳೆಯದೆ ಅದರ ಹೂದಂಡು ಸರಿಯಾಗಿ ಬೆಳೆಯದು. ಕೊಲ್ಲಾಪುರದಲ್ಲಿ ಜನವರಿಯ ಬೆಳಗಿನ ಉಷ್ಣತೆಯೂ ಸಾಮಾನ್ಯವಾಗಿ 14–15 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಹೀಗಾಗಿ ಬಣ್ಣದ ಚಿತ್ರ ನೋಡಿ ತರಿಸಿಕೊಂಡ ಟ್ಯುಲಿಪ್ ಗಡ್ಡೆಯು ನಮ್ಮಲ್ಲಿ ಫ್ರಿಜ್ಜಿನ ಆಸರೆಯಿಂದ ಒಂದು ವರ್ಷ ಹೂ ಬಿಟ್ಟೀತು. ಮರುವರ್ಷ ತಾನಾಗಿ ಬಿಡುವ ಆಸೆ ಇಟ್ಟುಕೊಳ್ಳುವಂತಿಲ್ಲ.

ನಮ್ಮ ನಾಡಿನ ಗಡ್ಡೆಗಳಿಗೆ ಚಳಿಯ ಹಂಗಿಲ್ಲ. ಅವು ಅಂಜುವುದು ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಬಿಸಿಲಿಗೆ. ಅವುಗಳನ್ನು ಎಬ್ಬಿಸುವುದು ಮೊದಲ ಮಳೆಯ ತಂಪು. ರೈತರ ಲೆಕ್ಕದಲ್ಲಿ ರೋಹಿಣಿ ಮಳೆ ಕೂಡುವುದು ಮೇ 25ರ ಸುಮಾರಿಗೆ, ಮೃಗಶಿರಾ ಕೂಡುವುದು ಜೂನ್ 7–8ರ ಸುಮಾರಿಗೆ. ಬಿತ್ತನೆಗೆ ಕಾಯುವ ರೈತನೂ ನೆಲದೊಳಗೆ ಕಾಯುವ ಗಡ್ಡೆಯೂ ಒಂದೇ ಪಂಚಾಂಗವನ್ನು ಅನುಸರಿಸುತ್ತಾರೆ. ಸಾಂಗಲಿ ಭಾಗದ ರೈತರು ಅರಿಷಿಣದ ಬೀಜದ ಗಡ್ಡೆಗಳನ್ನು ನೆರಳಿನಲ್ಲಿ ರಾಶಿ ಮಾಡಿ, ಒಣ ಎಲೆ ಮುಚ್ಚಿ ಕಾದಿಟ್ಟು, ಅಕ್ಷಯ ತೃತೀಯದ ಸುಮಾರಿಗೆ ನೆಡುವುದು ಇದೇ ತಿಳಿವಳಿಕೆಯಿಂದ.

ಈ ಮಾತಿನಿಂದ ಮನೆಯ ತೋಟಕ್ಕೆ ಎರಡು ನಿಯಮಗಳು ಸಿಗುತ್ತವೆ. ಮಲಗಿದಾಗ ಗಡ್ಡೆ ಒಣಗಿರಬೇಕು. ಎದ್ದಾಗ ಅದಕ್ಕೆ ನೀರು ಬೇಕು, ಆದರೆ ನೀರು ನಿಲ್ಲಬಾರದು. ಮನೆಗಳಲ್ಲಿ ಗಡ್ಡೆಗಳು ಹಾಳಾಗುವುದು ಹೆಚ್ಚಾಗಿ ಪ್ರೀತಿಯಿಂದ. ಎಲೆ ಒಣಗಿತೆಂದು ಗಾಬರಿಯಾಗಿ ದಿನವೂ ನೀರು ಹಾಕಿದರೆ ಮಲಗಿದ ಗಡ್ಡೆ ಕೊಳೆಯುತ್ತದೆ.

ನಮ್ಮ ಜಿಲ್ಲೆಯ ಕಲ್ಲುತೋಟಗಳು

ಪನ್ಹಾಳದ ಬಳಿಯ ಮಸಾಯಿ ಪಠಾರ, ರಾಧಾನಗರಿ, ಆಜರಾ, ಚಂದಗಡ ತಾಲೂಕುಗಳ ಎತ್ತರದ ಬಯಲುಗಳು, ಗಡಹಿಂಗ್ಲಜದ ಸಮೀಪದ ಸಾಮಾನಗಡದ ನೆತ್ತಿ, ಇವುಗಳ ಮೇಲೆಲ್ಲ ಕೆಂಪುಕಲ್ಲಿನ ಹಾಸು ಇದೆ. ಕನ್ನಡದಲ್ಲಿ ಇದಕ್ಕೆ ಜಂಬಿಟ್ಟಿಗೆ ಎಂದು ಹೆಸರು, ಮರಾಠಿಯಲ್ಲಿ ಜಾಂಭಾ. ಎರಡೂ ಭಾಷೆಗಳ ಹೆಸರುಗಳು ಎಷ್ಟು ಹತ್ತಿರವಾಗಿವೆ ಎಂಬುದನ್ನು ಮಕ್ಕಳು ಗಮನಿಸಲಿ. ದಖನ್ನಿನ ಕಪ್ಪುಕಲ್ಲು ಲಕ್ಷಾಂತರ ವರ್ಷಗಳ ಮಳೆ-ಬಿಸಿಲಿಗೆ ಸವೆದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶಗಳು ಉಳಿದು, ಈ ರಂಧ್ರಗಳುಳ್ಳ ಕಲ್ಲಾಗಿದೆ.

ಈ ಬಯಲುಗಳ ಮೇಲೆ ಮಣ್ಣು ಇರುವುದು ಅನೇಕ ಕಡೆ ಬೆರಳುದ್ದದಷ್ಟು ಮಾತ್ರ. ಮೇ ತಿಂಗಳಲ್ಲಿ ಬರಿಗಾಲಿಡಲಾಗದಷ್ಟು ಕಾಯುವ ಕಲ್ಲು, ಜುಲೈಯಲ್ಲಿ ನೀರಿನ ಹಾಸಾಗಿರುತ್ತದೆ. ಗಗನಬಾವಡಾದಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಪೂರ್ವದ ಶಿರೋಳ, ಹಾತಕಣಂಗಲೆ ತಾಲೂಕುಗಳಿಗೆ ಸಿಗುವುದು ಅದರ ಸಣ್ಣ ಪಾಲು. ಇಂತಹ ವೈಪರೀತ್ಯದಲ್ಲಿ ಬಾಳುವ ದಾರಿಯನ್ನು ಗಡ್ಡೆಗಳು ಕಂಡುಕೊಂಡಿವೆ. ಕಲ್ಲಿನ ಬಿರುಕಿನಲ್ಲಿ ಎಂಟು ತಿಂಗಳು ಮಲಗಿ, ನಾಲ್ಕು ತಿಂಗಳಲ್ಲಿ ಎಲೆ, ಹೂ, ಬೀಜ ಎಲ್ಲವನ್ನೂ ಮುಗಿಸುತ್ತವೆ.

ಇವುಗಳಲ್ಲಿ ಕೆಲವು ಜಗತ್ತಿನ ಬೇರೆಲ್ಲಿಯೂ ಇಲ್ಲದವು. ಮರಾಠಿಯಲ್ಲಿ ಖರಪುಡಿ ಅಥವಾ ಕಂದೀಲ ಪುಷ್ಪ ಎನ್ನುವ ಸೆರೊಪೆಜಿಯಾ ಸಸ್ಯಗಳ ಹೂವು ಚಿಕ್ಕ ಕಂದೀಲಿನಂತೆಯೇ ಇರುತ್ತದೆ. ಒಳಗೆ ಇಳಿದ ಸಣ್ಣ ನೊಣ ಹೂವಿನ ಕೊಳವೆಯಲ್ಲಿ ಕೆಲಕಾಲ ಸೆರೆಯಾಗಿ, ಪರಾಗವನ್ನು ಹೊತ್ತು, ಹೂ ಬಾಡುವಾಗ ಬಿಡುಗಡೆ ಹೊಂದುತ್ತದೆ. ಇದರ ಗಡ್ಡೆ ತಿನ್ನಲು ಬರುತ್ತದೆ. ಅದೇ ಇದಕ್ಕೆ ಮುಳುವಾಗಿದೆ. 1962ರಲ್ಲಿ ಸ್ಥಾಪನೆಯಾದ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಪ್ರೊ. ಎಸ್. ಆರ್. ಯಾದವ್ ಮತ್ತು ಅವರ ಸಂಗಡಿಗರು ಈ ಸಸ್ಯಗಳನ್ನು ಹುಡುಕಿ, ಬೆಳೆಸಿ, ಉಳಿಸುವ ಕೆಲಸವನ್ನು ದಶಕಗಳಿಂದ ಮಾಡಿದ್ದಾರೆ. ಅದೇ ಬಳಗವು ವಿವರಿಸಿದ, ಮುಸಳಿಯ ಜಾತಿಗೆ ಸೇರಿದ ಗಡ್ಡೆಬೇರಿನ ಸಸ್ಯವೊಂದಕ್ಕೆ ನಮ್ಮ ಊರಿನ ಹೆಸರೇ ಇದೆ: ಕ್ಲೋರೊಫೈಟಮ್ ಕೊಲ್ಹಾಪುರೆನ್ಸೆ.

ಪಶ್ಚಿಮ ಘಟ್ಟದ 39 ತಾಣಗಳನ್ನು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸಾತಾರಾದ ಕಾಸ ಪಠಾರದ ಜೊತೆಗೆ ನಮ್ಮ ಜಿಲ್ಲೆಯ ರಾಧಾನಗರಿ ಅಭಯಾರಣ್ಯವೂ ಅದರಲ್ಲಿತ್ತು. ಆದರೆ ಪಟ್ಟಿಯ ಹೊರಗೆ ಉಳಿದ ಬಯಲುಗಳು ಅನೇಕ. ಜಂಬಿಟ್ಟಿಗೆಯ ಪದರಿನಲ್ಲಿ ಬಾಕ್ಸೈಟ್ ಇರುವುದರಿಂದ ಜಿಲ್ಲೆಯ ಕೆಲವು ಪಠಾರಗಳಲ್ಲಿ ಗಣಿಗಾರಿಕೆ ನಡೆದಿದೆ. ಮೇಲಿನ ಬೆರಳುದ್ದದ ಮಣ್ಣು ಒಮ್ಮೆ ಹೋದರೆ ಅದರಲ್ಲಿ ಮಲಗಿದ್ದ ಗಡ್ಡೆಗಳೂ ಹೋಗುತ್ತವೆ. ಅಂತಹ ಮಣ್ಣು ಮತ್ತೆ ಕೂಡಿಕೊಳ್ಳಲು ನಮ್ಮ ಮಕ್ಕಳ ಆಯುಷ್ಯ ಸಾಲದು.

ಆದ್ದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳುತ್ತೇವೆ. ಮಳೆಗಾಲದ ಸಹಲಿಗೆ ಹೋದಾಗ ಗುಡ್ಡದಿಂದ ಒಂದು ಗಡ್ಡೆಯನ್ನೂ ಕಿತ್ತು ತರಬೇಡಿರಿ. ಕಲ್ಲಿನ ಬಿರುಕಿನ ತೇವ, ಅಲ್ಲಿನ ಬೂಷ್ಟು, ಅಲ್ಲಿನ ನೊಣ, ಇವೆಲ್ಲ ಇಲ್ಲದ ಹೂಕುಂಡದಲ್ಲಿ ಅಂತಹ ಗಡ್ಡೆ ಬಹುಮಟ್ಟಿಗೆ ಒಂದು ವರ್ಷವನ್ನೂ ಕಾಣುವುದಿಲ್ಲ. ಗುಡ್ಡಕ್ಕೂ ನಷ್ಟ, ಮನೆಗೂ ಲಾಭವಿಲ್ಲ. ಅದರ ಬದಲು ಅದರ ಸಾಕಿದ ಬಂಧುವನ್ನು ನರ್ಸರಿಯಿಂದ ತನ್ನಿರಿ. ಕಂದೀಲ ಪುಷ್ಪದ ಬಂಧುವಾದ, ಆಫ್ರಿಕಾ ಮೂಲದ ಹೃದಯಾಕಾರದ ಎಲೆಯ ಸೆರೊಪೆಜಿಯಾ ಬಳ್ಳಿ ನರ್ಸರಿಗಳಲ್ಲಿ ಸಿಗುತ್ತದೆ. ಕ್ಲೋರೊಫೈಟಮ್ ಕೊಲ್ಹಾಪುರೆನ್ಸೆಯ ಬಂಧುವಂತೂ ಸ್ಪೈಡರ್ ಪ್ಲಾಂಟ್ ಎಂಬ ಹೆಸರಿನಲ್ಲಿ ಎಷ್ಟೋ ಮನೆಗಳ ಕಿಟಕಿಯಲ್ಲಿ ಈಗಾಗಲೇ ತೂಗುತ್ತಿದೆ.

ಯಾವ ಗಡ್ಡೆಗಳನ್ನು ಬೆಳೆಸಬಹುದು?

ಮೊದಲ ಸಲ ಬೆಳೆಸುವವರಿಗೆ ನಾವು ಸೂಚಿಸುವುದು ಮಳೆಲಿಲ್ಲಿ. ಅಮೆರಿಕ ಖಂಡದಿಂದ ಬಂದರೂ ನಮ್ಮ ಹವೆಗೆ ಪೂರ್ತಿ ಒಗ್ಗಿಕೊಂಡಿರುವ ಈ ಸಸ್ಯದ ಗಡ್ಡೆ ಚಿಕ್ಕ ಉಳ್ಳಾಗಡ್ಡೆಯಷ್ಟು ಇರುತ್ತದೆ. ಎರಡು ಬೆರಳಿನಷ್ಟು ಆಳದಲ್ಲಿ, ಹೂಕುಂಡವೊಂದಕ್ಕೆ ಎಂಟು-ಹತ್ತು ಗಡ್ಡೆಗಳನ್ನು ಒತ್ತೊತ್ತಾಗಿ ನೆಡಬಹುದು. ಒಣಗಿದ ದಿನಗಳ ನಂತರ ಒಂದು ಜೋರು ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಗುಲಾಬಿ, ಬಿಳಿ ಅಥವಾ ಹಳದಿ ಹೂಗಳು ಒಟ್ಟಿಗೆ ಏಳುತ್ತವೆ. ಮಕ್ಕಳು ಮಳೆಯ ದಿನವನ್ನೂ ಹೂವಿನ ದಿನವನ್ನೂ ಬರೆದಿಟ್ಟು ನಡುವಿನ ದಿನಗಳನ್ನು ಎಣಿಸಬಹುದು.

ಎರಡನೆಯದು ಸುಗಂಧರಾಜ. ಮರಾಠಿಯಲ್ಲಿ ನಿಶಿಗಂಧ, ಗುಲಛಡಿ. ಮೂಲತಃ ಮೆಕ್ಸಿಕೊದ ಸಸ್ಯ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿದ ಶೃಂಗಾರ್, ಪ್ರಜ್ವಲ್ ಎಂಬ ಒಂದೇ ಸುತ್ತಿನ ಹೂವಿನ ತಳಿಗಳೂ, ಸುವಾಸಿನಿ ಎಂಬ ಅನೇಕ ಸುತ್ತಿನ ತಳಿಯೂ ಹೆಸರಾಗಿವೆ. ಮಾಲೆಗೆ ಒಂದೇ ಸುತ್ತಿನವು ಒಳ್ಳೆಯವು, ಅವುಗಳ ಪರಿಮಳವೂ ಹೆಚ್ಚು. ಹೆಬ್ಬೆರಳಿನಷ್ಟು ದಪ್ಪದ ಗಡ್ಡೆಯನ್ನು ಆರಿಸಿ, ಒಂದು ಗೇಣು ಅಂತರದಲ್ಲಿ, ಮೂರು ಬೆರಳಿನಷ್ಟು ಆಳದಲ್ಲಿ ನೆಡಬೇಕು. ಮೂರು-ನಾಲ್ಕು ತಿಂಗಳಲ್ಲಿ ಹೂದಂಡು ಬರುತ್ತದೆ. ಸಣ್ಣ ಗಡ್ಡೆಗಳು ಮೊದಲ ವರ್ಷ ಎಲೆಯನ್ನಷ್ಟೇ ಕೊಡುತ್ತವೆ. ಅವುಗಳನ್ನು ಬಿಸಾಡದೆ ಮರುವರ್ಷಕ್ಕೆ ಬೆಳೆಯಗೊಡಬೇಕು.

ಮೂರನೆಯದು ಮೇ ತಿಂಗಳಲ್ಲಿಯೇ ಏಳುವ ಮೇ ಫ್ಲವರ್. ಮಕ್ಕಳು ಇದನ್ನು ಫುಟ್‌ಬಾಲ್ ಲಿಲ್ಲಿ ಎನ್ನುತ್ತಾರೆ. ಎಲೆಗಿಂತ ಮೊದಲು ಬರಿ ನೆಲದಿಂದ ಕೆಂಪು ಚೆಂಡಿನಂತಹ ಹೂಗೊಂಚಲು ಹೊರಡುತ್ತದೆ. ಹೂ ಬಾಡಿದ ಮೇಲೆ ಬರುವ ಎಲೆಗಳು ದೀಪಾವಳಿಯವರೆಗೂ ಹಸಿರಾಗಿದ್ದು ಮುಂದಿನ ವರ್ಷದ ಹೂವಿಗೆ ಆಹಾರ ಕೂಡಿಡುತ್ತವೆ. ಹೂ ಮುಗಿಯಿತೆಂದು ಎಲೆ ಕತ್ತರಿಸಿದರೆ ಮುಂದಿನ ವರ್ಷದ ಹೂವನ್ನೇ ಕತ್ತರಿಸಿದಂತೆ. ಈ ಮಾತು ಎಲ್ಲ ಗಡ್ಡೆಗಳಿಗೂ ಸಲ್ಲುತ್ತದೆ.

ಅಡುಗೆಗೂ ತೋಟಕ್ಕೂ ಆಗುವಂತಹದು ಬೇಕೆನ್ನುವವರು ಸುವರ್ಣಗಡ್ಡೆಯನ್ನೂ ಅರಿಷಿಣವನ್ನೂ ನೆಡಬಹುದು. ಮರಾಠಿಯಲ್ಲಿ ಇವು ಸುರಣ ಮತ್ತು ಹಳದ. ಕಣ್ಣಿರುವ ಸುವರ್ಣಗಡ್ಡೆಯ ತುಂಡೊಂದನ್ನು ದೊಡ್ಡ ಡಬ್ಬಿಯಲ್ಲಿ ಮೇ ತಿಂಗಳಲ್ಲಿ ನೆಟ್ಟರೆ ಒಂದೇ ದಂಟಿನ ಮೇಲೆ ಛತ್ರಿಯಂತಹ ಎಲೆ ಬರುತ್ತದೆ. ಎಲೆ ಹಳದಿಯಾಗಿ ಬಿದ್ದಾಗ, ಏಳೆಂಟು ತಿಂಗಳ ಮೇಲೆ, ಗಡ್ಡೆ ಸಿದ್ಧ. ಗಂಟಲು ತುರಿಸುವುದು ಅದರಲ್ಲಿನ ಸೂಜಿಯಂತಹ ಕ್ಯಾಲ್ಸಿಯಮ್ ಆಕ್ಸಲೇಟ್ ಹರಳುಗಳಿಂದ. ಹುಣಸೆಹುಳಿ ಹಾಕಿ ಬೇಯಿಸುವ ನಮ್ಮ ಹಿರಿಯರ ಪದ್ಧತಿಯು ಆ ತುರಿಕೆಯನ್ನು ತಗ್ಗಿಸುತ್ತದೆ.

ವಿಷದ ಗಡ್ಡೆಗಳು: ಪಾಲಕರು ಓದಲೇಬೇಕಾದುದು

ಭಾದ್ರಪದದಲ್ಲಿ ಗೌರಿಯ ಪೂಜೆಗೆ ನಮ್ಮ ಭಾಗದಲ್ಲಿ ಬಳಸುವ ಉರಿಯಂತಹ ಹೂವನ್ನು ಎಲ್ಲರೂ ನೋಡಿರುತ್ತೀರಿ. ಕನ್ನಡದಲ್ಲಿ ಅಗ್ನಿಶಿಖೆ, ಕೋಳಿಕುಟುಮ, ಗೌರಿ ಹೂ. ಮರಾಠಿಯಲ್ಲಿ ಕಳಲಾವಿ. ಅದರ ಗಡ್ಡೆ ನೇಗಿಲಿನ ಆಕಾರದಲ್ಲಿ ಇರುವುದರಿಂದ ಸಂಸ್ಕೃತದಲ್ಲಿ ಲಾಂಗಲೀ ಎಂಬ ಹೆಸರು. ಎಲೆಯ ತುದಿಯೇ ಕುಡಿಯಾಗಿ ಬೇಲಿಗೆ ಸುತ್ತಿಕೊಂಡು ಏರುವ, ಹಸಿರು-ಹಳದಿಯಾಗಿ ಅರಳಿ ದಿನೇ ದಿನೇ ಕೆಂಪೇರುವ ಈ ಹೂವು ತಮಿಳುನಾಡಿನ ರಾಜ್ಯಪುಷ್ಪ. ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಇದೇ.

ಈ ಸಸ್ಯದ ಎಲ್ಲ ಭಾಗಗಳಲ್ಲಿಯೂ ಕೊಲ್ಚಿಸಿನ್ ಎಂಬ ವಿಷವಿದೆ. ಗಡ್ಡೆಯಲ್ಲಿ ಮತ್ತು ಬೀಜದಲ್ಲಿ ಅದು ಹೆಚ್ಚು. ಗಡ್ಡೆಯನ್ನು ಗೆಣಸೆಂದು ತಪ್ಪಾಗಿ ತಿಂದವರು ಸಾವಿಗೆ ಈಡಾಗಿದ್ದಾರೆ. ತಿಂದ ಕೆಲವು ಗಂಟೆಗಳ ಮೇಲೆ ವಾಂತಿ, ಭೇದಿ ಆರಂಭವಾಗುತ್ತದೆ. ಅದು ನಿಂತಂತೆ ಕಂಡರೂ ವಿಷವು ಒಳಗೆ ಕೆಲಸ ಮಾಡುತ್ತಿರಬಹುದು. ಮನೆಮದ್ದು ಮಾಡುತ್ತ ಕಾಯದೆ, ತಿಂದ ಗಡ್ಡೆಯ ಉಳಿದ ತುಂಡಿನೊಡನೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಐದು ವರ್ಷದೊಳಗಿನ ಮಕ್ಕಳು, ಆಡು-ಕರುಗಳು ಇರುವ ಮನೆಯಲ್ಲಿ ಇದನ್ನು ಬೆಳೆಸುವುದು ಬೇಡವೆಂಬುದೇ ನಮ್ಮ ಸಲಹೆ.

ಇನ್ನೊಂದು ಕಾಡು ಈರುಳ್ಳಿ. ಮರಾಠಿಯಲ್ಲಿ ರಾನಕಾಂದಾ. ಬೇಸಿಗೆಯಲ್ಲಿ, ಎಲೆಯೇ ಇಲ್ಲದಾಗ, ಬರಿ ನೆಲದಿಂದ ಉದ್ದನೆಯ ಹೂದಂಡು ಎಬ್ಬಿಸುವ ಈ ಸಸ್ಯದ ಗಡ್ಡೆ ಅಡುಗೆಯ ಉಳ್ಳಾಗಡ್ಡೆಯಂತೆಯೇ ಕಾಣುತ್ತದೆ. ಹೃದಯದ ಬಡಿತವನ್ನು ಕೆಡಿಸುವ ವಿಷ ಅದರಲ್ಲಿದೆ. ಮಳೆಲಿಲ್ಲಿ, ಮೇ ಫ್ಲವರ್ ಗಡ್ಡೆಗಳು ಕೂಡ ತಿನ್ನತಕ್ಕವಲ್ಲ. ಆದುದರಿಂದ ಹೂವಿನ ಗಡ್ಡೆಗಳನ್ನು ಎಂದಿಗೂ ಅಡುಗೆಮನೆಯ ಉಳ್ಳಾಗಡ್ಡೆ-ಬಳ್ಳೊಳ್ಳಿಯ ಬುಟ್ಟಿಯ ಹತ್ತಿರ ಇಡಬೇಡಿರಿ. ಕಾದಿಡುವ ಚೀಲದ ಮೇಲೆ ಸಸ್ಯದ ಹೆಸರನ್ನೂ "ತಿನ್ನಬಾರದು" ಎಂಬ ಮಾತನ್ನೂ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಮನೆಗೆ ಬರುವ ಬೀಗರಿಗೂ ಅರ್ಥವಾಗುವಂತೆ ಕನ್ನಡ, ಮರಾಠಿ ಎರಡರಲ್ಲಿಯೂ ಬರೆದರೆ ಒಳಿತು.

ಮಣ್ಣು: ಎರೆಯ ನಾಡಿನ ತೊಡಕು

ಇಚಲಕರಂಜಿ, ಶಿರೋಳ, ಗಡಹಿಂಗ್ಲಜದ ಹೊಲಗಳ ಎರೆಮಣ್ಣು ಕಬ್ಬಿಗೆ ವರ. ಗಡ್ಡೆಹೂಗಳಿಗೆ ಅದು ತೊಡಕಿನ ಮಣ್ಣು. ಮಳೆಯಲ್ಲಿ ಉಬ್ಬಿ ನೀರನ್ನು ಬಿಡದೆ ಹಿಡಿಯುತ್ತದೆ, ಬೇಸಿಗೆಯಲ್ಲಿ ಸೀಳಿ ಬೇರನ್ನು ಹರಿಯುತ್ತದೆ. ಬರಿಯ ಎರೆಮಣ್ಣನ್ನು ಹೂಕುಂಡಕ್ಕೆ ತುಂಬಬಾರದು. ಒಂದು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ಮುರುಮು, ಇದು ಗಡ್ಡೆಹೂಗಳಿಗೆ ಸಾಮಾನ್ಯ ಅಳತೆ. ರಸ್ತೆಗೆ, ಮನೆಯ ತಳಪಾಯಕ್ಕೆ ಹಾಕುವ ಅದೇ ಮುರುಮನ್ನು ಜರಡಿ ಹಿಡಿದು, ಕಾಳಿನಷ್ಟು ದಪ್ಪದ ಹರಳುಗಳನ್ನು ಆರಿಸಿಕೊಳ್ಳಬೇಕು. ನದಿಯ ಮರಳನ್ನು ಕೊಳ್ಳುವ ಅಗತ್ಯವಿಲ್ಲ. ಒಡೆದ ಇಟ್ಟಿಗೆಯ ಚೂರೂ ನಡೆಯುತ್ತದೆ.

ಹೂಕುಂಡದ ತಳದಲ್ಲಿ ತೂತು ಇರಲೇಬೇಕು. ಬಣ್ಣದ ಖಾಲಿ ಡಬ್ಬಿ, ಎಣ್ಣೆಯ ಕ್ಯಾನು ಬಳಸುವವರು ಮೊದಲು ಚೆನ್ನಾಗಿ ತೊಳೆದು, ತಳಕ್ಕೆ ನಾಲ್ಕೈದು ತೂತು ಮಾಡಿ, ಎರಡು ಇಟ್ಟಿಗೆಗಳ ಮೇಲೆ ಎತ್ತಿ ಇಡಲಿ. ಮಳೆಗಾಲದಲ್ಲಿ ಹೂಕುಂಡದ ಕೆಳಗೆ ತಟ್ಟೆ ಇಡಬೇಡಿರಿ. ನೀರು ನಿಂತರೆ ಗಡ್ಡೆ ಕೊಳೆಯುವುದು ಒಂದು ಕಡೆ, ಡೆಂಗೆಯ ಸೊಳ್ಳೆ ಮರಿ ಮಾಡುವುದು ಇನ್ನೊಂದು ಕಡೆ.

ಚಿಕ್ಕ ಕಲ್ಲುತೋಟವನ್ನು ಕಟ್ಟುವ ಬಗೆ

ಎರಡು ಅಡಿ ಅಗಲ, ಮೂರು ಅಡಿ ಉದ್ದದ ಜಾಗವಿದ್ದರೆ ಅಂಗಳದಲ್ಲಿ ಕಲ್ಲುತೋಟ ಮಾಡಬಹುದು. ತಳಕ್ಕೆ ಒಂದು ಗೇಣಿನಷ್ಟು ಇಟ್ಟಿಗೆ ಚೂರು ಮತ್ತು ಕಡಿ ಹಾಕಿರಿ. ಅದರ ಮೇಲೆ ಎರಡು ಪಾಲು ಮುರುಮು, ಒಂದು ಪಾಲು ಮಣ್ಣು, ಒಂದು ಪಾಲು ಗೊಬ್ಬರ ಬೆರೆಸಿ ದಿಬ್ಬದಂತೆ ಏರಿಸಿರಿ. ಕಲ್ಲುಗಳನ್ನು ಕಟ್ಟಡದ ಕೆಲಸ ಮುಗಿದ ಜಾಗದಿಂದ ತನ್ನಿರಿ, ಗುಡ್ಡದಿಂದ ಎತ್ತಬೇಡಿರಿ. ಪ್ರತಿ ಕಲ್ಲಿನ ಮೂರರಲ್ಲಿ ಒಂದು ಭಾಗ ಮಣ್ಣಿನಲ್ಲಿ ಹುಗಿದಿರಬೇಕು. ಕಲ್ಲು ಸ್ವಲ್ಪ ಹಿಂದಕ್ಕೆ ವಾಲಿದರೆ ಅದರ ಮೇಲೆ ಬಿದ್ದ ಮಳೆ ಬೇರಿನ ಕಡೆಗೆ ಹರಿಯುತ್ತದೆ. ಕಲ್ಲಿನ ಅಡಿಯ ಮಣ್ಣು ಬಿಸಿಲಿನಲ್ಲಿಯೂ ತಂಪಾಗಿರುವುದರಿಂದ ಸಂದಿಗಳಲ್ಲಿ ನೆಟ್ಟ ಸಸಿ ಬಾಡುವುದಿಲ್ಲ. ಪಠಾರದ ಬಿರುಕುಗಳಲ್ಲಿ ಗಡ್ಡೆಗಳು ಉಳಿಯುವುದು ಇದೇ ತಂಪಿನಿಂದ.

ಮಾಳಿಗೆಯ ಮೇಲೆ ಮಾಡುವವರು ಭಾರವನ್ನು ಮೊದಲು ಯೋಚಿಸಬೇಕು. ಪತ್ರೆಯ ಮನೆಯ ಮೇಲೆ ಇದು ಬೇಡವೇ ಬೇಡ. ಆರ್‌ಸಿಸಿ ಮಾಳಿಗೆಯಲ್ಲಿ, ತೊಲೆಯ ಮೇಲೆ ಬರುವಂತೆ ಗೋಡೆಯ ಅಂಚಿಗೆ, ಮಾಲೀಕರನ್ನು ಕೇಳಿ, ಅಗಲವಾದ ಬುಟ್ಟಿ ಅಥವಾ ಟಬ್ಬಿನಲ್ಲಿ ಮಾಡಿದರೆ ಸಾಕು.

ಕಲ್ಲಿನ ಸಂದಿಗೆ ಲೋಳೆಸರ, ಕಾಡುಬಸಳೆ, ಹತ್ತು ಗಂಟೆಯ ಹೂ, ಚಿಕ್ಕ ಪಾಪಸುಕಳ್ಳಿ ಒಳ್ಳೆಯವು. ಮರಾಠಿಯಲ್ಲಿ ಲೋಳೆಸರ ಕೋರಫಡ, ಕಾಡುಬಸಳೆ ಪಾನಫುಟಿ. ಕಾಡುಬಸಳೆಯ ಒಂದು ಎಲೆಯನ್ನು ಒದ್ದೆ ಮಣ್ಣಿನ ಮೇಲೆ ಇಟ್ಟರೆ ಅಂಚಿನ ಕಚ್ಚುಗಳಿಂದ ಮರಿಗಳು ಹುಟ್ಟುವುದನ್ನು ಮಕ್ಕಳು ಕಣ್ಣಾರೆ ಕಾಣಬಹುದು. ಇವುಗಳ ನಡುವೆ ಮಳೆಲಿಲ್ಲಿಯ ಗಡ್ಡೆಗಳನ್ನು ಹುಗಿದಿಟ್ಟರೆ ಮಳೆಗಾಲಕ್ಕೆ ಹೂ, ಬೇಸಿಗೆಗೆ ಹಸಿರು. ಕುಡಿಯುವ ನೀರಿಗೇ ದಿನಗಟ್ಟಲೆ ಕಾಯಬೇಕಾಗುವ ಇಚಲಕರಂಜಿಯಂತಹ ಊರಿನಲ್ಲಿ ಗುಲಾಬಿ ಬೆಳೆಸುವುದು ಕಷ್ಟ. ಈ ತೋಟಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಕಲ್ಲುಸಸಿಗಳ ಬುಡಕ್ಕೆ ಮಾತ್ರ, ತರಕಾರಿ ತೊಳೆದ ನೀರು ಸಾಕು. ಆಗ ಗಡ್ಡೆಗಳಿರುವ ಜಾಗ ಒಣಗಿಯೇ ಇರಲಿ.

ವರ್ಷದ ಪಂಚಾಂಗ

ಅಕ್ಷಯ ತೃತೀಯದಿಂದ ರೋಹಿಣಿಯವರೆಗೆ ಮಣ್ಣು ಸಿದ್ಧಪಡಿಸಿ ಗಡ್ಡೆ ನೆಡಬೇಕು. ನೆಟ್ಟ ದಿನ ಒಮ್ಮೆ ನೀರು, ಮುಂದೆ ಚಿಗುರು ಕಾಣುವವರೆಗೆ ಮಣ್ಣು ಆರಿದಾಗ ಮಾತ್ರ. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ನಾವು ನೀರು ಹಾಕುವ ಅಗತ್ಯವಿಲ್ಲ. ಶ್ರಾವಣದಲ್ಲಿ ಮಳೆ ಹಿಡಿದು ಹೊಡೆದರೆ ಡಬ್ಬಿಗಳನ್ನು ಸೂರಿನ ಕೆಳಗೆ ಸರಿಸಬೇಕು. ಕಬ್ಬಿನ ರವದಿಯನ್ನು ಈ ಕಾಲದಲ್ಲಿ ಹೊದಿಸಬಾರದು, ತೇವ ಹೆಚ್ಚಿ ಗಡ್ಡೆ ಕೊಳೆಯುತ್ತದೆ. 2019ರ ಆಗಸ್ಟಿನಲ್ಲಿ ಪಂಚಗಂಗೆಯ ನೆರೆ ಕಂಡ ಓಣಿಗಳವರು ಗಡ್ಡೆಗಳನ್ನು ನೆಲದಲ್ಲಿ ನೆಡದೆ, ಎತ್ತಿ ಒಯ್ಯಬಹುದಾದ ಡಬ್ಬಿಗಳಲ್ಲಿ ಬೆಳೆಸುವುದು ಜಾಣತನ.

ಮಳೆಗಾಲದಲ್ಲಿ ಲಿಲ್ಲಿಯ ಎಲೆಗಳನ್ನು ಪಟ್ಟೆಯ ಕಂಬಳಿಹುಳುಗಳು ಒಂದೇ ರಾತ್ರಿಯಲ್ಲಿ ತಿಂದುಹಾಕುವುದುಂಟು. ಔಷಧ ಹೊಡೆಯದೆ, ಸಂಜೆ ಹುಡುಕಿ ಕಡ್ಡಿಯಿಂದ ತೆಗೆದರೆ ಸಾಕು. ದಸರೆಯ ನಂತರ ನೀರನ್ನು ಕಡಿಮೆ ಮಾಡುತ್ತ ಬನ್ನಿರಿ. ದೀಪಾವಳಿಯ ಮೇಲೆ ಎಲೆ ಹಳದಿಯಾದಾಗ ನೀರು ನಿಲ್ಲಿಸಿರಿ. ಸಂಕ್ರಾಂತಿಯ ಹೊತ್ತಿಗೆ ಎಲೆ ಪೂರ್ತಿ ಒಣಗಿದ್ದರೆ ಗಡ್ಡೆಗಳನ್ನು ಅಗೆದು ತೆಗೆಯಬಹುದು. ಮಣ್ಣು ಉದುರಿಸಿ, ತೊಳೆಯದೆ, ನೆರಳಿನಲ್ಲಿ ನಾಲ್ಕೈದು ದಿನ ಆರಲು ಬಿಟ್ಟು, ಮೆತ್ತಗಾದವನ್ನು ಬೇರ್ಪಡಿಸಿ, ಉಳಿದವನ್ನು ಒಲೆಯ ಬೂದಿ ಸವರಿ ಗೋಣಿಚೀಲದಲ್ಲಿ ಗಾಳಿಯಾಡುವ ಕಡೆ ತೂಗುಹಾಕಬೇಕು. ಪ್ಲಾಸ್ಟಿಕ್ ಚೀಲ ಬೇಡ. ಸುಗಂಧರಾಜ ಮತ್ತು ಮಳೆಲಿಲ್ಲಿಗಳು ಎಲೆ ಬಾಡದೆ ಹಸಿರಾಗಿಯೇ ಇದ್ದರೆ ಹಾಗೆಯೇ ಬಿಟ್ಟು, ನೀರನ್ನು ಮಾತ್ರ ಕಡಿಮೆ ಮಾಡಬಹುದು. ಎರಡು-ಮೂರು ವರ್ಷಕ್ಕೊಮ್ಮೆ ಗಡ್ಡೆಗಳು ಒತ್ತಾದಾಗ ಬಿಡಿಸಿ ನೆರೆಹೊರೆಯವರಿಗೆ ಹಂಚಬೇಕು.

ಹೆಸರುಗಳನ್ನು ಉಳಿಸುವ ಕೆಲಸ

ಗಡ್ಡೆ ಹಂಚುವಾಗ ಅದರ ಜೊತೆಗೆ ಒಂದು ಹೆಸರೂ ಹೋಗುತ್ತದೆ. ನಮ್ಮ ಮಕ್ಕಳು ಬಾಲಭಾರತಿಯ ಕನ್ನಡ ಪುಸ್ತಕದಲ್ಲಿ ಪರಿಸರ ಅಭ್ಯಾಸ ಓದುತ್ತಾರೆ, ಓಣಿಯಲ್ಲಿ ಮರಾಠಿ ಆಡುತ್ತಾರೆ, ನರ್ಸರಿಯಲ್ಲಿ ಇಂಗ್ಲಿಷ್ ಹೆಸರು ಕೇಳುತ್ತಾರೆ. ಲೋಳೆಸರ ಎಂಬುದು ಅಜ್ಜಿಯ ಬಾಯಲ್ಲಿ ಉಳಿದು ಮೊಮ್ಮಗಳ ಬಾಯಲ್ಲಿ ಅಲೋವೆರಾ ಆಗಿದೆ. ಸುಗಂಧರಾಜ ಎಂದರೆ ಯಾವ ಹೂವೆಂದು ಕೇಳಿದರೆ ಸುಮ್ಮನಾಗುವ ಮಗು, ನಿಶಿಗಂಧ ಎಂದೊಡನೆ ತಲೆಯಾಡಿಸುತ್ತದೆ. ಮರಾಠಿ ಹೆಸರು ಗೊತ್ತಿರುವುದು ಸಂತೋಷವೇ. ಎರಡು ಭಾಷೆಗಳಲ್ಲಿ ಒಂದು ಸಸ್ಯವನ್ನು ಬಲ್ಲವರು ಶ್ರೀಮಂತರು. ಅವುಗಳಲ್ಲಿ ಒಂದನ್ನು ಕಳೆದುಕೊಂಡರೆ ಆ ಶ್ರೀಮಂತಿಕೆ ಅರ್ಧವಾಗುತ್ತದೆ.

ಕೊಲ್ಲಾಪುರ, ಬೆಳಗಾವಿ, ಧಾರವಾಡಗಳ ಸಸ್ಯಗಳನ್ನು ಒಂದೇ ಗ್ರಂಥದಲ್ಲಿ ದಾಖಲಿಸಿದ ಕಾಲವೊಂದಿತ್ತು. ಥಿಯೊಡೊರ್ ಕುಕ್ ಅವರು 1901ರಿಂದ 1908ರವರೆಗೆ ಪ್ರಕಟಿಸಿದ ಮುಂಬಯಿ ಪ್ರಾಂತದ ಸಸ್ಯಸಂಪುಟಗಳು ಈ ಇಡೀ ಪ್ರದೇಶವನ್ನು ಒಂದಾಗಿಯೇ ಕಂಡವು. 1956ರಲ್ಲಿ ರಾಜ್ಯಗಳ ಗೆರೆ ಬದಲಾಯಿತು. ಗೆರೆಯ ಎರಡೂ ಬದಿಗಳಲ್ಲಿ ರೋಹಿಣಿ ಮಳೆಗೆ ಅದೇ ಗಡ್ಡೆಗಳು ಏಳುತ್ತವೆ, ಎರಡೂ ಬದಿಗಳಲ್ಲಿ ಅವುಗಳನ್ನು ಎರಡೂ ಭಾಷೆಗಳಲ್ಲಿ ಕರೆಯುವವರಿದ್ದಾರೆ.

ಪಾಲಕರಲ್ಲಿ ನಮ್ಮ ಕೋರಿಕೆ ಸಣ್ಣದು. ಮಗುವಿಗೊಂದು ನೂರು ಪುಟದ ವಹಿಯನ್ನು ಕೊಡಿರಿ. ಪ್ರತಿ ಗಡ್ಡೆಗೆ ಒಂದು ಪುಟ. ಮೇಲೆ ಕನ್ನಡ ಹೆಸರು, ಅದರ ಕೆಳಗೆ ಮರಾಠಿ ಹೆಸರು, ಅದನ್ನು ಹೇಳಿಕೊಟ್ಟ ಹಿರಿಯರ ಹೆಸರು. ನಂತರ ನೆಟ್ಟ ದಿನ, ಮೊದಲ ಮಳೆಯ ದಿನ, ಮೊದಲ ಚಿಗುರು, ಮೊದಲ ಹೂ, ಎಲೆ ಒಣಗಿದ ದಿನ. ಮೂರು ವರ್ಷ ತಪ್ಪದೆ ಬರೆದರೆ ನಿಮ್ಮ ಓಣಿಯಲ್ಲಿ ಮಳೆ ಯಾವಾಗ ಬಂತು, ಗಡ್ಡೆ ಅದಕ್ಕೆ ಹೇಗೆ ಎಚ್ಚೆತ್ತಿತು ಎಂಬ ದಾಖಲೆಯೊಂದು ನಿಮ್ಮ ಮನೆಯಲ್ಲಿಯೇ ಸಿದ್ಧವಾಗುತ್ತದೆ. ಅಂತಹ ವಹಿ ಕನ್ನಡದಲ್ಲಿ ಇರಲಿ. ಈ ವರ್ಷ ಹತ್ತು ಮಳೆಲಿಲ್ಲಿಯ ಗಡ್ಡೆಗಳಿಂದ ಆರಂಭಿಸಿರಿ. ರೋಹಿಣಿ ಕೂಡುವ ಮೊದಲು ಡಬ್ಬಿಗೆ ತೂತು ಮಾಡಿ, ಮುರುಮು ಜರಡಿ ಹಿಡಿದು ಸಿದ್ಧವಾಗಿರಿ.